ಚಪ್ಪಾಳೆ ಬಿದ್ದ ಮಾತು

"ಕವಿತ ಮನೇಗ್ ಬಂದವ್ಳೆ ಮೇಡಮ್ಮ," ಎಂದಳು ಅವಳ ತಾಯಿ ಅಕ್ಕಯ್ಯಮ್ಮ ಫೋನಿನಲ್ಲಿ. "ಕೆಲಸ ಬಿಟ್‌ಬುಟ್ಟೆ ಅಂತಾಳೆ. ಊಟ ಮಾಡ್ಲಿಲ್ಲ, ಮಾತಾಡ್ಲಿಲ್ಲ. ನೀವೇನೋ ಮೈಕಲ್ಲಿ ಹೇಳಿದ್ರಂತೆ. ಏನಮ್ಮ ಹೇಳಿದ್ರಿ?"

ಯಾಮಿನಿ ಆಗ ಚಿಕ್ಕಬಳ್ಳಾಪುರದ ತನ್ನ ಸಂಸ್ಥೆಯ ಕಚೇರಿಯಲ್ಲಿದ್ದಳು. ಮೇಜಿನ ಮೇಲೆ ಹಿಂದಿನ ದಿನದ ಶಾಲು, ಹಣ್ಣಿನ ಬುಟ್ಟಿ, ಗಾಜಿನ ಫಲಕ ಇದ್ದವು. ಕಾರ್ಯದರ್ಶಿ ಮುರಳಿಮೋಹನ್ ಫಲಕವನ್ನು ಕೈಯಲ್ಲಿ ಹಿಡಿದು, ಎಲ್ಲಿಟ್ಟರೆ ಬಂದವರ ಕಣ್ಣಿಗೆ ಬೀಳುತ್ತದೆ ಎಂದು ಗೋಡೆ ಗೋಡೆ ನೋಡುತ್ತಿದ್ದ.

"ನಾನೇ ಬರ್ತೀನಿ ಅಕ್ಕಯ್ಯಮ್ಮ. ಅವಳನ್ನ ಎಲ್ಲೂ ಕಳಿಸ್ಬೇಡಿ," ಎಂದು ಯಾಮಿನಿ ಫೋನಿಟ್ಟಳು.

ಮಾನವ ಕಳ್ಳಸಾಗಣೆ ತಡೆಗೆ ದುಡಿದವರಿಗೆ ಸನ್ಮಾನವೆಂದು ಹಿಂದಿನ ದಿನ ಊರಿನ ಸಭಾಂಗಣದಲ್ಲಿ ಕಾರ್ಯಕ್ರಮ ನಡೆದಿತ್ತು. ಯಾಮಿನಿ ಮೊದಲು ಪೊಲೀಸರಿಗೆ, ಆಶಾ ಕಾರ್ಯಕರ್ತೆಯರಿಗೆ, ಅಂಗನವಾಡಿಯವರಿಗೆ ಧನ್ಯವಾದ ಹೇಳುತ್ತಿದ್ದಳು. ಕಾಲೇಜಿನಿಂದ ಕರೆತಂದಿದ್ದ ಹುಡುಗಿಯರು ಮೊಬೈಲ್ ನೋಡುತ್ತಿದ್ದರು. ಮುಂದಿನ ಸಾಲಿನಲ್ಲಿ ಒಬ್ಬರು ಆಕಳಿಸಿದರು. ಹತ್ತು ವರ್ಷ ಊರೂರು ಅಲೆದದ್ದೆಲ್ಲ ಯಾರಿಗೂ ಬೇಡವಾದ ಮಾತಿನಂತೆ ತನಗೇ ಕೇಳತೊಡಗಿದಾಗ, ಅವಳು ಕೈಯಲ್ಲಿದ್ದ ಕಾಗದವನ್ನು ಮಡಿಸಿ, "ನಿಮಗೊಬ್ಬ ಹುಡುಗಿಯ ಕಥೆ ಹೇಳ್ತೀನಿ," ಎಂದಳು.

ಹೆಸರು ಹೇಳಲಿಲ್ಲ. ಜಂಗಮಕೋಟೆಯ ಕಡೆಯವಳು ಎಂದಳು. ರೇಷ್ಮೆ ಹುಳು ಸಾಕುವ ಮನೆಯವಳು. ಕೆಲಸ ಕೊಡಿಸುತ್ತೇನೆಂದ ಒಬ್ಬ ಹೆಂಗಸಿನ ಮಾತು ನಂಬಿ ಹೊರಟವಳನ್ನು ಉತ್ತರದ ಒಂದು ಊರಿನಲ್ಲಿ ಮಾರಿಬಿಟ್ಟಿದ್ದರು, ಎರಡು ವರ್ಷ ಅಲ್ಲೇ ಇದ್ದಳು ಎಂದಳು. ತಪ್ಪಿಸಿಕೊಳ್ಳಲು ಹೋದಾಗ ಬಿದ್ದ ಏಟಿಗೆ ಎಡ ಹುಬ್ಬಿನ ಮೇಲೆ ಹೊಲಿಗೆ ಹಾಕಬೇಕಾಯಿತು ಎಂದಳು. ಮೊಬೈಲುಗಳು ಕೆಳಗಿಳಿದವು. ಸಭೆ ಉಸಿರು ಹಿಡಿದಂತೆ ಕೂತಿತು. ಆ ಮೌನ ಯಾಮಿನಿಗೆ ಹಿತವಾಯಿತು. ಇನ್ನೊಂದಿಷ್ಟು ಹೊತ್ತು ಅದು ಹಾಗೇ ಇರಲಿ ಅನ್ನಿಸಿತು. "ಈಗ ಅವಳು ಕುಡುಮಲಕುಂಟೆಯ ಗಾರ್ಮೆಂಟ್ಸ್‌ನಲ್ಲಿ ಲೈನ್ ಸೂಪರ್‌ವೈಸರ್," ಎಂದು ಸೇರಿಸಿದಳು. ಕೊನೆಗೆ ಇನ್ನೂ ಒಂದು ಮಾತು ಹೇಳಿದಳು. ಚಪ್ಪಾಳೆ ಬಿದ್ದದ್ದು ಆ ಮಾತಿಗೆ. ಯಾರೋ ಅದನ್ನು ವಿಡಿಯೊ ಮಾಡಿ ಹಾಕಿದ್ದರು. ಸಂಜೆಯೊಳಗೆ ಅದು ಎಲ್ಲರ ಸ್ಟೇಟಸ್ಸಿನಲ್ಲೂ ಇತ್ತು. ಯಾಮಿನಿಯೂ ಹಾಕಿಕೊಂಡಿದ್ದಳು.

ಹೆಸರು ಹೇಳಬಾರದು, ಗುರುತು ಹತ್ತುವಂಥ ಒಂದು ಮಾತೂ ಹೊರಗೆ ಬೀಳಬಾರದು ಎಂದು ಠಾಣೆ ಠಾಣೆಗೆ ಹೋಗಿ ಪಾಠ ಮಾಡುತ್ತಿದ್ದವಳು ಅವಳೇ.

"ಹೆಸರೇನೂ ಹೇಳಿಲ್ವಲ್ಲ ನೀವು," ಎಂದ ಮುರಳಿಮೋಹನ್. "ತುಂಬ ಚೆನ್ನಾಗಿತ್ತು ಕಣ್ರೀ. ನಮ್ಮತ್ತೆ ಕಣ್ಣೀರು ಹಾಕಿದ್ರು."

ಯಾಮಿನಿ ಸ್ಕೂಟರಿನ ಕೀ ತೆಗೆದುಕೊಂಡು ಮೆಟ್ಟಿಲಿಳಿದಳು.

ಶಿಡ್ಲಘಟ್ಟ ದಾಟಿ ಜಂಗಮಕೋಟೆಯ ರಸ್ತೆಗೆ ಬೀಳುವಷ್ಟರಲ್ಲಿ ಬಿಸಿಲು ಏರಿತ್ತು. ಹಿಪ್ಪುನೇರಳೆ ತೋಟಗಳಲ್ಲಿ ಹೆಂಗಸರು ಸೊಪ್ಪು ಕೊಯ್ಯುತ್ತಿದ್ದರು. ಗಾರ್ಮೆಂಟ್ಸ್‌ನಲ್ಲಿ ಎಲ್ಲರಿಗೂ ಕವಿತ ಹೇಳಿಕೊಂಡಿದ್ದದ್ದು ಯಾಮಿನಿಗೆ ಗೊತ್ತಿತ್ತು: ಆ ಎರಡು ವರ್ಷ ಚಿಂತಾಮಣಿಯಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದೆ, ಹುಬ್ಬಿನ ಗಾಯ ಗಾಡಿಯಿಂದ ಬಿದ್ದದ್ದು. ಅಷ್ಟು ಸಣ್ಣ ಸುಳ್ಳಿನ ಮೇಲೆ ಆ ಹುಡುಗಿ ಹೊಸದಾಗಿ ಒಂದು ಬದುಕು ಕಟ್ಟಿಕೊಂಡಿದ್ದಳು. ಆ ಸುಳ್ಳನ್ನು ಹೀಗೇ ಹೇಳು ಎಂದು ಕಲಿಸಿಕೊಟ್ಟಿದ್ದೂ ಯಾಮಿನಿಯೇ.

ಅಕ್ಕಯ್ಯಮ್ಮ ಹುಳುವಿನ ಮನೆಯ ಬಾಗಿಲಲ್ಲೇ ಇದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಬೈಯುತ್ತಾಳೆ ಎಂದುಕೊಂಡು ಬಂದಿದ್ದ ಯಾಮಿನಿಗೆ, "ಬಿಸಿಲಲ್ಲಿ ಬಂದ್ರಿ, ನೀರು ಕುಡೀರಿ," ಎಂದು ಚೊಂಬು ಕೊಟ್ಟಳು. ಆಮೇಲೆ ದನಿ ತಗ್ಗಿಸಿ, "ಅವತ್ತು ನನ್ ಮಗೀನ ಕರ್ಕೊಂಬಂದು ಇದೇ ಬಾಗಿಲಾಗೆ ನಿಲ್ಲಿಸಿದ್ರಿ. ನಿಮ್ಮನ್ನ ಏನನ್ನಲಿ ನಾನು," ಎಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಒಳಗೆ ಕವಿತ ಬಿದಿರಿನ ತಟ್ಟೆಗಳಿಗೆ ಸೊಪ್ಪು ಹರಡುತ್ತಿದ್ದಳು. ಹುಳುಗಳು ಸೊಪ್ಪು ಮೇಯುವ ಸದ್ದು ಸಣ್ಣಗೆ, ಎಡೆಬಿಡದೆ ಕೇಳುತ್ತಿತ್ತು. ಹುಳುಗಳಿಗೆ ರೋಗ ತಗುಲದಂತೆ ಹೊರಗಿನವರು ಕಾಲು ತೊಳೆದು ಒಳಗೆ ಬರಲೆಂದು ಬಾಗಿಲಲ್ಲಿ ಮದ್ದಿನ ನೀರು ಇಟ್ಟಿದ್ದರು. ಯಾಮಿನಿ ಚಪ್ಪಲಿ ಬಿಟ್ಟಳು. ಆದರೆ ಒಳಗೆ ಕಾಲಿಡಲಾಗಲಿಲ್ಲ.

"ಕವಿತಾ."

"ಅಲ್ಲೇ ಇರಿ ಅಕ್ಕ. ಬಂದೆ." ಅವಳು ತಿರುಗಿ ನೋಡಲಿಲ್ಲ. ಆ ಸಾಲು ಮುಗಿಸಿ, ಕೈ ಒರೆಸಿಕೊಂಡು ಹೊರಗೆ ಬಂದು, ಬೇಲಿಯ ಹತ್ತಿರದ ಕಲ್ಲಿನ ಮೇಲೆ ಕೂತಳು. ಕಣ್ಣುಗಳು ಊದಿಕೊಂಡಿದ್ದವು.

"ನಿನ್ನೆ ರಾತ್ರಿ ಕ್ಯಾಂಟೀನಲ್ಲಿ ಊಟಕ್ಕೆ ಕೂತಿದ್ದೆ," ಎಂದಳು ಕೇಳುವ ಮೊದಲೇ. "ಎದುರುಗಡೆ ಟೇಬಲ್ಲಲ್ಲಿ ನಿಮ್ ದನಿ ಕೇಳಿಸ್ತು. ಯಾರೋ ಮೊಬೈಲಲ್ಲಿ ಹಾಕಿದ್ರು. ನನಗೆ ಮೊದ್ಲು ಖುಷಿ ಆಯ್ತು, ನಮ್ಮಕ್ಕ ಮಾತಾಡ್ತವ್ರೆ ಅಂತ. ಆಮೇಲೆ ಒಬ್ಬೊಬ್ಬರೇ ನನ್ ಕಡೆ ತಿರುಗಿದ್ರು. ಮುಖ ನೋಡ್ಲಿಲ್ಲ ಅವ್ರು. ಹುಬ್ಬು ನೋಡಿದ್ರು."

"ನಾನು ತಪ್ಪು ಮಾಡ್ದೆ ಕವಿತಾ. ಆ ವಿಡಿಯೊ ತೆಗೆಸ್ತೀನಿ. ಮ್ಯಾನೇಜರ್ ಹತ್ರ ಮಾತಾಡ್ತೀನಿ. ಆ ಸನ್ಮಾನ ವಾಪಸ್ ಕೊಡ್ತೀನಿ, ಬೇಡ ನನಗೆ."

"ವಾಪಸ್ ಕೊಟ್ರೆ ನಿಮ್ಗೆ ಹಗುರ ಆಗುತ್ತೆ," ಎಂದಳು ಕವಿತ. ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ದಣಿವಿತ್ತು. "ನನಗೇನಾಗುತ್ತೆ?"

ಯಾಮಿನಿ ಅವಳೆದುರು ನೆಲದ ಮೇಲೆ ಕೂತಳು.

"ನನ್ನ ಒಂದ್ ಮಾತು ಕೇಳಿದ್ರೆ ಆಗ್ತಿತ್ತು. ಬೇಡ ಅಂತ ಹೇಳ್ತಿದ್ದೆ. ಅಷ್ಟೇ." ಆಮೇಲೆ ಕವಿತಳೇ ಕೇಳಿದಳು: "ಚಪ್ಪಾಳೆ ಹೊಡೆದ್ರಲ್ಲ, ಯಾವ ಮಾತಿಗೆ ಅಕ್ಕ ಅದು? ವಿಡಿಯೊದಾಗೆ ಸರಿಯಾಗಿ ಕೇಳಿಸ್ಲಿಲ್ಲ."

ಯಾಮಿನಿಗೆ ಸುಳ್ಳು ಹೇಳಬೇಕೆನಿಸಿತು. ಮರೆತುಹೋಗಿದೆ ಎನ್ನಬಹುದಿತ್ತು. ಆದರೆ ಕವಿತ ಅವಳ ಮುಖವನ್ನೇ ನೋಡುತ್ತ ಕೂತಿದ್ದಳು.

"ಕನ್ನಡಿ ನೋಡ್ಕೊಂಡಾಗೆಲ್ಲ ಆ ಗಾಯ ಕಾಣ್ಸುತ್ತೆ, ನಾನು ಗೆದ್ದು ಬಂದೆ ಅನ್ಸುತ್ತೆ ಅಂತ ಆ ಹುಡುಗಿ ಹೇಳ್ತಾಳೆ... ಅಂದೆ."

"ನಾನು ಯಾವತ್ತು ಹಂಗಂದೆ?"

"ಅಂದಿಲ್ಲ."

"ನೀವೇ ಸೇರಿಸಿದ್ರಾ?"

"ಹ್ಞೂಂ."

ಕವಿತ ತಲೆಯಾಡಿಸಿದಳು. "ನನಗೆ ಹಂಗನ್ಸಲ್ಲ ಅಕ್ಕ," ಎಂದಳು. ಹಾಗಾದರೆ ಏನನ್ನಿಸುತ್ತದೆ ಎಂದು ಕೇಳುವ ಹಕ್ಕು ತನಗಿಲ್ಲ ಎಂದು ಯಾಮಿನಿಗೆ ಅನ್ನಿಸಿತು. ಅಕ್ಕಯ್ಯಮ್ಮ ಒಳಗೆ ಪಾತ್ರೆ ಸದ್ದು ಮಾಡುತ್ತಿದ್ದಳು. ಬೇಕೆಂದೇ ಜೋರಾಗಿ ಮಾಡುತ್ತಿದ್ದಂತಿತ್ತು.

"ಅದಿರಲಿ. ಇನ್ನೊಂದೈತೆ," ಎಂದು ಕವಿತ ಎದ್ದು ನಿಂತಳು. "ನಮ್ ಹಾಸ್ಟೆಲಲ್ಲಿ ರುಬೀನಾ ಅಂತ ಒಬ್ಳು ಹೊಸಬಳು ಅವ್ಳೆ. ಚಿಂತಾಮಣಿಯವಳು, ಚಿಕ್ಕ ಹುಡುಗಿ. ಗೇಟ್ ಹತ್ರ ಬಟ್ಟೆ ಮಾರೋಕೆ ಅಂತ ಒಬ್ಬ ಹೆಂಗಸು ಬರ್ತಾಳೆ. ಗೋವಾದಾಗೆ ಹೋಟ್ಲು ಕೆಲಸ, ಎರಡರಷ್ಟು ಸಂಬಳ ಅಂತ ಅವಳ ತಲೆ ಕೆಡಿಸವ್ಳೆ. ಮನೇಲಿ ಹೇಳ್ಬೇಡ ಅಂದವ್ಳಂತೆ. ನನಗೂ ಹಂಗೇ ಅಂದಿದ್ರು."

"ನನಗ್ಯಾಕೆ ಹೇಳ್ಲಿಲ್ಲ ನೀನು?"

"ಈ ವಾರ ಹೇಳಣ ಅಂತಿದ್ದೆ. ಮೊದ್ಲು ರುಬೀನಾಗೆ ಹೇಳಣ ಅಂತ. ಹೋಗ್ಬೇಡ ಕಣೇ ಅಂದ್ರೆ, ನಿನಗೆ ಹೊಟ್ಟೆಕಿಚ್ಚು ಅಂದ್ಲು. ಯಾಕೆ ಹೋಗ್ಬಾರ್ದು ಅಂತ ಹೇಳ್ಬೇಕಾದ್ರೆ ನನ್ದೆಲ್ಲ ಹೇಳ್ಬೇಕಲ್ಲ. ಅದಕ್ಕೆ ಮನಸ್ಸು ಗಟ್ಟಿ ಮಾಡ್ಕೊತಿದ್ದೆ. ಅವಳೊಬ್ಬಳಿಗೆ ಹೇಳಣ ಅಂತ. ನಾನೇ ಬಾಯಾರೆ." ಅವಳು ಕಣ್ಣೊರೆಸಿಕೊಂಡಳು. "ಈಗ ಆ ಹೆಂಗಸೂ ವಿಡಿಯೊ ನೋಡಿರ್ತಾಳೆ. ಸುಮ್ನೆ ಕೂರಲ್ಲ ಅವ್ಳು. ನಾನು ಬಾಯಿ ಬಿಡೋಕ್ ಮೊದ್ಲೇ, ಇವತ್ತೋ ನಾಳೆಯೋ ರುಬೀನಾನ ಕರ್ಕೊಂಡು ಹೊಂಟೋಗ್ತಾಳೆ."

ಯಾಮಿನಿ ಫೋನ್ ತೆಗೆದಳು. ಕುಡುಮಲಕುಂಟೆಗೆ ಹತ್ತಿರದ ಗೌರಿಬಿದನೂರಿನ ಠಾಣೆಯಲ್ಲಿ ಪರಿಚಯದ ಹೆಡ್ ಕಾನ್‌ಸ್ಟೇಬಲ್ ಗಂಗರಾಜು ಇದ್ದರು. ಹೆಂಗಸಿನ ಚಹರೆ, ಅವಳು ಬರುವ ಹೊತ್ತು, ಎಲ್ಲ ಕವಿತ ಹೇಳುತ್ತಾ ಹೋದಂತೆ ಅವರಿಗೆ ತಿಳಿಸಿದಳು. ಶಿಫ್ಟ್ ಬಿಡುವ ಹೊತ್ತಿಗೆ ಮಫ್ತಿಯಲ್ಲಿ ಬರುತ್ತೇವೆ ಎಂದರು ಗಂಗರಾಜು. "ನಿಮ್ಗೆ ಹೇಳಿದ್ಯಾರು ಮೇಡಂ?" ಎಂದು ಕೇಳಿದರು.

"ಅದನ್ನ ಹೇಳಕ್ಕಾಗಲ್ಲ ಸಾರ್," ಎಂದಳು ಯಾಮಿನಿ. ಕವಿತ ಬೇರೆ ಕಡೆ ನೋಡುತ್ತಿದ್ದಳು.

"ನಾನು ಹೋಗಿ ರುಬೀನಾಳನ್ನ ಕರ್ಕೊಂಡು ಬರ್ತೀನಿ. ನೀನು ಮನೇಲಿರು."

"ನಿಮ್ ಜೊತೆ ಬರಲ್ಲ ಅವ್ಳು. ಪೊಲೀಸ್ ಅಂದ್ರೆ ಇನ್ನೂ ಹೆದರ್ತಾಳೆ." ಕವಿತ ಒಳಗೆ ಹೋದಳು. ಮುಖ ತೊಳೆದು, ಬೇರೆ ಚೂಡಿದಾರ ಹಾಕಿಕೊಂಡು ಬಂದಳು. ಅಕ್ಕಯ್ಯಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಯಾತಕ್ ಹೋಗ್ತೀಯ ಮತ್ತೆ ಅಲ್ಲಿಗೆ? ನೋಡೋರ್ ಬಾಯಿಗ್ ಬೀಳಕ್ಕಾ?"

"ನೋಡ್ಕೊಳ್ಳಿ ಬಿಡಮ್ಮ. ನೋಡಾಗೈತಲ್ಲ."

ತಾಯಿ ನಿಧಾನವಾಗಿ ಪಕ್ಕಕ್ಕೆ ಸರಿದಳು. ಮಗಳು ಹೊಸ್ತಿಲು ದಾಟುವಾಗ ಅವಳ ಬೆನ್ನಿಗಂಟಿದ್ದ ಒಂದು ಸೊಪ್ಪಿನ ಚೂರು ತೆಗೆದು ಹಾಕಿದಳು.

ಸ್ಕೂಟರನ್ನು ಚಿಕ್ಕಬಳ್ಳಾಪುರದಲ್ಲಿ ಬಿಟ್ಟು ಇಬ್ಬರೂ ಗೌರಿಬಿದನೂರಿನ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಕವಿತ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಒಂದೇ ಒಂದು ಸಲ ಮಾತಾಡಿದಳು: "ನೀವು ಹೇಳಿದ್ದಕ್ಕೆ ಇದೂ ಒಂದ್ ಒಳ್ಳೇದಾಯ್ತು ಅಂತ ಮಾತ್ರ ಅನ್ಕೋಬೇಡಿ ಅಕ್ಕ."

"ಇಲ್ಲ," ಎಂದಳು ಯಾಮಿನಿ. ಆದರೆ ಅಷ್ಟು ಹೊತ್ತೂ ಅವಳ ಮನಸ್ಸು ಆ ಕಡೆಗೇ ಮೆಲ್ಲಗೆ ಜಾರುತ್ತಿತ್ತು.

ಕುಡುಮಲಕುಂಟೆಯಲ್ಲಿ ಇಳಿದಾಗ ಶಿಫ್ಟ್ ಬಿಟ್ಟಿತ್ತು. ಗುರುತಿನ ಚೀಟಿ ಕೊರಳಲ್ಲಿದ್ದ ಹೆಂಗಸರು ಗುಂಪು ಗುಂಪಾಗಿ ರಸ್ತೆ ತುಂಬಿದ್ದರು. ಹಾಸ್ಟೆಲ್ ಗಾರ್ಮೆಂಟ್ಸ್‌ನ ಹಿಂದಿನ ಬೀದಿಯಲ್ಲಿತ್ತು. "ನೀವು ಇಲ್ಲೇ ಇರಿ. ಬೀದಿಯೊಳಗೆ ಬರ್ಬೇಡಿ. ನಿಮ್ ಮುಖಾನೂ ಎಲ್ರಿಗೂ ಗೊತ್ತೀಗ," ಎಂದು ಹೇಳಿ ಕವಿತ ಒಬ್ಬಳೇ ನಡೆದಳು.

ಯಾಮಿನಿ ಟೀ ಅಂಗಡಿಯ ತಗಡಿನ ಕೆಳಗೆ ನಿಂತು ನೋಡಿದಳು. ಎದುರಾದ ಗುಂಪಿನ ಮಾತು ನಿಂತಿತು. ಇಬ್ಬರು ಹುಡುಗಿಯರು ದಾರಿ ಬಿಟ್ಟು ಸರಿದರು, ಮೈ ತಗುಲಬಾರದು ಎನ್ನುವ ಹಾಗೆ. ಯಾರೋ ನಕ್ಕಂತಾಯಿತು. ವಯಸ್ಸಾದ ಒಬ್ಬ ಹೆಂಗಸು ಮಾತ್ರ, "ಎಲ್ಲೋಗಿದ್ದೆ ಕವಿತಾ, ಇವತ್ತು ನಿನ್ ಲೈನಾಗೆ ಒಬ್ರೂ ಸರಿಯಾಗಿ ಹೊಲೀಲಿಲ್ಲ," ಎಂದು ಗೊಣಗಿದಳು. ಕವಿತ ಅವಳ ತೋಳು ಮುಟ್ಟಿ ಮುಂದೆ ಹೋದಳು. ಅವಳ ನಡಿಗೆ ಅವಸರವಾಗಲಿಲ್ಲ. ಅದನ್ನು ನೋಡಲಾರದೆ ಯಾಮಿನಿ ತಲೆ ತಗ್ಗಿಸಿದಳು.

ಅಷ್ಟರಲ್ಲಿ ಗಂಗರಾಜು ಫೋನ್ ಮಾಡಿದರು. ಬಟ್ಟೆಯ ಗಂಟಿನ ಹೆಂಗಸು ಗೇಟಿನ ಬಳಿಯೇ ಸಿಕ್ಕಿದ್ದಳು. ಅವಳ ಚೀಲದಲ್ಲಿ ಆ ರಾತ್ರಿಯ ರೈಲಿನ ಟಿಕೆಟ್ಟುಗಳಿದ್ದವು. ರುಬೀನಾಳ ಹೆಸರಿನದೂ ಇತ್ತು. "ಒಳ್ಳೆ ಕೆಲಸ ಮಾಡಿದ್ರಿ ಮೇಡಂ," ಎಂದರು ಅವರು. ಯಾಮಿನಿ ಫೋನ್ ಇಟ್ಟಳು.

ಬಹಳ ಹೊತ್ತಿನ ಮೇಲೆ ಕವಿತ ಹೊರಗೆ ಬಂದಳು. ಜೊತೆಯಲ್ಲಿ ಬ್ಯಾಗು ತಬ್ಬಿಕೊಂಡ ಹುಡುಗಿಯಿದ್ದಳು. ಮುಖ ಗಂಟಿಕ್ಕಿಕೊಂಡಿತ್ತು.

"ಒಂದಿನ ಮನೆಗ್ ಹೋಗಿ ಅಮ್ಮೀನ ನೋಡ್ಕೊಂಡು ಬರಣ ಅಂದಿದೀನಿ. ನಾನೂ ಚಿಂತಾಮಣಿ ತನಕ ಹೋಗ್ತೀನಿ," ಎಂದಳು ಕವಿತ ಯಾಮಿನಿಗೆ. "ಅವರಮ್ಮ ಅಜೀಜಾ ಅಂತ. ಫೋನ್ ಮಾಡಿದ್ದೆ. ಅಳ್ತಿದ್ರು."

"ನನ್ನ ಕೆಲಸ ಹೋಗುತ್ತೆ ಆಪಾ," ಎಂದಳು ರುಬೀನಾ ಕವಿತಳ ಕಡೆ ಮುಖ ಊದಿಸಿ. "ನಿಮಗೆಲ್ಲ ಏನು? ಅಲ್ಲಿ ಎಷ್ಟು ಕೊಡ್ತಿದ್ರು ಗೊತ್ತಾ?"

"ಬಸ್ಸಲ್ಲಿ ಹೇಳ್ತೀನಿ ಬಾ," ಎಂದಳು ಕವಿತ.

ಚಿಕ್ಕಬಳ್ಳಾಪುರದಲ್ಲಿ ಮೂವರೂ ಬಸ್ಸು ಬದಲಾಯಿಸಿದರು. ಚಿಂತಾಮಣಿಯ ಬಸ್ಸು ಅರ್ಧ ಖಾಲಿಯಿತ್ತು. ಕವಿತ ರುಬೀನಾಳನ್ನು ಕಿಟಕಿಯ ಕಡೆ ಕೂರಿಸಿ ತಾನು ಪಕ್ಕದಲ್ಲಿ ಕೂತಳು. ಯಾಮಿನಿ ಅವರ ಹಿಂದಿನ ಸೀಟಿನಲ್ಲಿ ಕೂತಳು. ಊರು ದಾಟಿ ಬಸ್ಸು ವೇಗ ಹಿಡಿದ ಮೇಲೆ ರುಬೀನಾ ಮೆಲ್ಲಗೆ, "ಆ ವಿಡಿಯೊದಲ್ಲಿ ಹೇಳಿದ್ದು ನಿನ್ನ ಬಗ್ಗೇನಾ ಆಪಾ?" ಎಂದು ಕೇಳಿದಳು.

"ಅದನ್ನ ಬಿಡು. ಅದರಲ್ಲಿ ಎಲ್ಲಾ ನಿಜ ಇಲ್ಲ," ಎಂದಳು ಕವಿತ. "ನಾನು ಹೇಳ್ತೀನಿ ಕೇಳು. ಅವತ್ತು ನಾವು ಹುಳಕ್ಕೆ ಬೆಳಗಿನ ಸೊಪ್ಪು ಹಾಕಿದ್ವಿ. ಅಮ್ಮ ತೋಟಕ್ ಹೋಗಿದ್ಲು..."

ಯಾಮಿನಿ ಎದ್ದಳು. ಕಂಬಿ ಹಿಡಿದುಕೊಂಡು, ಓಲಾಡುವ ಬಸ್ಸಿನಲ್ಲಿ ಒಂದೊಂದೇ ಸೀಟು ದಾಟಿ, ಎಲ್ಲಕ್ಕಿಂತ ಹಿಂದಿನ ಸಾಲಿಗೆ ಹೋಗಿ ಕೂತಳು. ಅಲ್ಲಿ ಎಂಜಿನ್ನಿನ ಸದ್ದು, ಕಿಟಕಿಯ ಗಾಜಿನ ಗಡಗಡ ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ಮುಂದೆ ಎರಡು ತಲೆಗಳು ಕಾಣುತ್ತಿದ್ದವು. ಸ್ವಲ್ಪ ದೂರ ಹೋದ ಮೇಲೆ ಕಿಟಕಿಯ ಕಡೆಯ ತಲೆ ಇನ್ನೊಂದರ ಕಡೆಗೆ ತಿರುಗಿತು. ಮತ್ತೆ ಆಚೆ ತಿರುಗಲಿಲ್ಲ.