ಒಟ್ಟಿಗೆ ಬಂದವರು

ಫುಟ್‌ಬಾಲ್ ಕೋಚ್ ಕೆಲಸದಲ್ಲೇ ಕೂದಲು ನರೆಸಿಕೊಂಡವನು ನಾನು. ಗೆದ್ದರೆ ಹುಡುಗರು ಚೆನ್ನಾಗಿ ಆಡಿದರು ಅನ್ನುತ್ತಾರೆ, ಸೋತರೆ ಕೋಚ್‌ಗೆ ತಲೆಯಿಲ್ಲ ಅನ್ನುತ್ತಾರೆ. ಅದಕ್ಕೆಲ್ಲ ನಾನು ಬೇಜಾರು ಮಾಡಿಕೊಂಡವನಲ್ಲ. ಹನ್ನೊಂದು ಜನರನ್ನು ಒಟ್ಟಿಗೆ ಮನೆಗೆ ಕಳಿಸಲು ಆಗುವುದಿಲ್ಲ, ಒಬ್ಬನನ್ನು ಕಳಿಸಬಹುದು, ಅಷ್ಟೇ. ಕ್ಲಬ್ಬಿನ ಅಧ್ಯಕ್ಷರು ಪತ್ರಿಕೆಯವರ ಮುಂದೆ ‘ಕೋಚ್ ಮೇಲೆ ನಮಗೆ ಪೂರ್ತಿ ನಂಬಿಕೆ ಇದೆ’ ಅಂದ ದಿನವೇ ನನ್ನ ಹೆಂಡತಿ ಅಟ್ಟದಿಂದ ಸೂಟ್‌ಕೇಸ್ ಇಳಿಸುತ್ತಾಳೆ. ಅವಳ ಅಂದಾಜು ಒಮ್ಮೆಯೂ ತಪ್ಪಿಲ್ಲ.

ಈ ಸಲವೂ ತಪ್ಪಲಿಲ್ಲ. ಶನಿವಾರ ಸೋತೆವು, ಸೋಮವಾರ ಬೆಳಿಗ್ಗೆ ನನ್ನನ್ನು ತೆಗೆದರು. ಈ ವಯಸ್ಸಿನವನನ್ನು ಇನ್ನು ಯಾವ ಕ್ಲಬ್ಬೂ ಕರೆಯುವುದಿಲ್ಲ. ಬೆಳಿಗ್ಗೆ ಎದ್ದು ಮೈದಾನಕ್ಕೆ ಹೋಗದೆ ಬದುಕುವುದು ಹೇಗೆಂದು ನನಗೆ ಗೊತ್ತಿಲ್ಲ.

ಹಿಂದೆಲ್ಲ ಇಂಥ ಹೊತ್ತಿನಲ್ಲಿ ನನ್ನ ಭಾವಮೈದುನ ಜೊತೆಗಿರುತ್ತಿದ್ದ. ಹೆಂಡತಿಯ ತಮ್ಮ, ನನ್ನ ಸಹಾಯಕ ಕೋಚ್. ನಮ್ಮ ಕಸುಬಿನಲ್ಲಿ ಕೋಚ್ ಹೋದರೆ ಅವನು ಕರೆತಂದ ಸಹಾಯಕನೂ ಹೊರಡುತ್ತಾನೆ. ಯಾರೂ ಮಾಡಿಟ್ಟ ಕಾನೂನಲ್ಲ, ಆದರೆ ಹಾಗೇ ನಡೆದುಬಂದಿದೆ. ಎಷ್ಟೋ ಕ್ಲಬ್‌ಗಳಿಂದ ನಾವಿಬ್ಬರೂ ಒಂದೇ ಕಾರಿನಲ್ಲಿ, ಒಬ್ಬರನ್ನೊಬ್ಬರು ಬಯ್ದುಕೊಳ್ಳುತ್ತ ಹೊರಬಿದ್ದಿದ್ದೇವೆ.

ಈ ಸಲ ನನ್ನ ಜಾಗಕ್ಕೆ ಅವನನ್ನೇ ಕರೆದಿದ್ದಾರೆ ಎಂದು ಮಧ್ಯಾಹ್ನ ಸುದ್ದಿ ಬಂತು. ನಾನು ಸೋಫಾದ ಮೇಲೆ ಕೂತು ದೊಡ್ಡ ಮನಸ್ಸು ಮಾಡತೊಡಗಿದೆ. ಅವನು ಬಂದು ‘ನೀವಿಲ್ಲದೆ ಆಗಲ್ಲ ಅಂದುಬಿಟ್ಟೆ ಭಾವ’ ಅನ್ನುತ್ತಾನೆ. ನಾನು ‘ಹುಚ್ಚಪ್ಪ, ಹೋಗಿ ಒಪ್ಪಿಕೋ’ ಎಂದು ಬಯ್ಯುತ್ತೇನೆ. ಹಾಗಾದರೆ ನೀವೇ ನನ್ನ ಸಹಾಯಕರಾಗಿ ಬನ್ನಿ ಅನ್ನುತ್ತಾನೆ. ನಾನು ಸ್ವಲ್ಪ ಬಿಗುಮಾನ ಮಾಡುತ್ತೇನೆ. ಇಬ್ಬರ ಮಾತನ್ನೂ ನಾನೇ ತಯಾರು ಮಾಡಿಟ್ಟುಕೊಂಡೆ.

ಸಂಜೆ ಬಂದವನು ಬಾಗಿಲಲ್ಲೇ ನಿಂತ.

“ಒಪ್ಪಿಕೊಂಡು ಬಂದೆ ಭಾವ.”

ನನ್ನ ಅರ್ಧ ಭಾಷಣ ಅಲ್ಲೇ ಮಣ್ಣುಪಾಲಾಯಿತು.

“ಒಳ್ಳೇದಾಯ್ತು. ಒಳಗೆ ಬಾರೋ, ಕೊರಿಯರ್‌ನವನ ಥರ ಯಾಕೆ ನಿಂತಿದ್ದೀಯ?”

ಕೂತ. ಅವನ ಅಕ್ಕ ಕಾಫಿ ತಂದಳು. ಶನಿವಾರ ಕೈಜಾರಿಸಿ ಗೋಲು ಬಿಟ್ಟ ಗೋಲ್‌ಕೀಪರ್‌ನನ್ನು ಏನು ಮಾಡಲಿ ಎಂದು ಕೇಳಿದ.

“ಅವನನ್ನೇ ಆಡಿಸು. ಬೆನ್ನು ತಟ್ಟಬೇಡ, ಬಯ್ಯಲೂ ಬೇಡ.”

“ಅಧ್ಯಕ್ಷರು ಫೋನ್ ಮಾಡಿ ಇವನನ್ನ ಹಾಕು, ಅವನನ್ನ ತೆಗಿ ಅಂದ್ರೆ?”

“ಹೂಂ ಹೂಂ ಅಂತಿರು, ಆಮೇಲೆ ನಿನಗೆ ತೋಚಿದ್ದು ಮಾಡು. ಹೇಗಿದ್ರೂ ಒಂದಿನ ತೆಗೀತಾರೆ ಕಣೋ. ನಿನ್ನ ತಂಡ ಆಡಿಸಿ ಹೋಗು, ಅವರ ತಂಡ ಆಡಿಸಿ ಹೋಗಬೇಡ.”

ಅವನು ತಲೆಯಾಡಿಸುತ್ತ ಕೇಳಿಸಿಕೊಂಡ. ಈಗ ಕರೆಯುತ್ತಾನೆ, ಇನ್ನೇನು ಕರೆಯುತ್ತಾನೆ ಎಂದು ಕಾದೆ. ಕಾಫಿ ಮುಗಿಯುತ್ತ ಬಂತು. ಕೊನೆಗೆ ನಾನೇ ಬಾಯಿ ಬಿಟ್ಟೆ.

“ಸಹಾಯಕನಾಗಿ ಯಾರನ್ನ ತಗೋತೀಯ?”

“ಜೂನಿಯರ್ ತಂಡದ ಕೋಚ್‌ನ ಕೇಳಿದೀನಿ. ಬರ್ತೀನಿ ಅಂದ್ರು.” ನನ್ನ ಮುಖ ನೋಡದೆ ಲೋಟ ಕೆಳಗಿಟ್ಟ. “ನಾಳೆ ಬೆಳಿಗ್ಗೆ ಬೇಗ ಹೋಗಬೇಕು. ಬರ್ಲಾ?”

ಅವನು ಹೋದಮೇಲೆ ನನ್ನ ಪಿತ್ತ ನೆತ್ತಿಗೇರಿತು. ಅದಕ್ಕಿಂತ ಹೆಚ್ಚಾಗಿ ಸಂಕಟವಾಯಿತು, ಸುಳ್ಳು ಯಾಕೆ ಹೇಳಲಿ.

“ಬಾಯಿಮಾತಿಗಾದ್ರೂ ಒಂದು ಸಲ ಕರೀಬಾರದಿತ್ತೇನೇ ನಿನ್ನ ತಮ್ಮ? ಕರೆದಿದ್ರೆ ನಾನೇನು ಬರ್ತೀನಿ ಅಂತಿದ್ನಾ?”

ಹೆಂಡತಿ ಲೋಟ ಎತ್ತಿಕೊಂಡು, ಮೇಜು ಒರೆಸಿದಳು.

“ಅಂತಿದ್ರಿ,” ಅಂದಳು. “ಅದಕ್ಕೇ ಅವನು ಕರೀಲಿಲ್ಲ.”