ಬೆಂಚಿನ ಎಡತುದಿ

ಪಿಯಾನೊ ಟೀಚರಿಗೆ ಸಿಟ್ಟು ಬರಬೇಕಿದ್ದರೆ ಅದು ತನ್ನ ಗೇಟಿನ ಬೋರ್ಡಿನ ಮೇಲೆಯೇ ಬರಬೇಕಿತ್ತು. ಬರೆಸಿದವಳು ತಾನೇ. ‘ಮಕ್ಕಳಿಗೆ ಪಿಯಾನೊ ಪಾಠ. ಏಕಾಗ್ರತೆ ಹೆಚ್ಚುತ್ತದೆ, ಲೆಕ್ಕ ಚುರುಕಾಗುತ್ತದೆ, ಅಂಜಿಕೆ ಬಿಡುತ್ತದೆ.’ ಹಾಗೆ ಬರೆಸದಿದ್ದರೆ ಯಾವ ತಾಯಿ ಬಂದಾಳು ಹೇಳಿ!

ಅದನ್ನು ಓದಿಯೇ ಎದುರು ಸಾಲಿನ ಹೊಲಿಗೆ ಅಂಗಡಿಯಾಕೆ ಮಗಳನ್ನು ಕರೆತಂದಿದ್ದಳು. ಮಾತಾಡಿದರೆ ಎಲ್ಲಿ ಮುತ್ತು ಉದುರೀತೋ ಎಂಬಂತಿದ್ದ ಹುಡುಗಿ. ಟೀಚರ್ ಅವಳಿಗೆ ‘ಗೊಂಬೆ’ ಎಂದು ಹೆಸರಿಟ್ಟಳು. ಇಬ್ಬರಿಗೂ ಒಂದೇ ಬೆಂಚು. ಎಡಗಡೆಯ ದಪ್ಪ ಸ್ವರಗಳು ಟೀಚರ ಪಾಲು, ಬಲಗಡೆಯ ಸಣ್ಣ ಸ್ವರಗಳು ಗೊಂಬೆಯ ಪಾಲು. ಹುಡುಗಿ ಎಲ್ಲಾದರೂ ತಪ್ಪಿದರೆ ಟೀಚರ್ ಗದರುತ್ತಿರಲಿಲ್ಲ. ಅವಳು ಬಂದು ಸೇರುವ ತನಕ ತನ್ನ ಪಾಲನ್ನೇ ಸುತ್ತಿ ಸುತ್ತಿ ನುಡಿಸುತ್ತಿದ್ದಳು. ಮಿಕ್ಕ ಮಕ್ಕಳೆಲ್ಲ ಒಬ್ಬೊಬ್ಬರಾಗಿ ಬಿಟ್ಟುಹೋಗಿದ್ದರು. ಗಂಡ ತೀರಿಕೊಂಡ ಮೇಲೆ ಆ ಮನೆಯಲ್ಲಿ ಇನ್ನೊಬ್ಬರ ಉಸಿರು ಕೇಳುತ್ತಿದ್ದದ್ದು ಬುಧವಾರ ಸಂಜೆ ಮಾತ್ರ.

ಒಂದು ಬುಧವಾರ ತಾಯಿಯೊಬ್ಬಳೇ ಬಂದಳು. ಮುಖ ಅರಳಿತ್ತು.

“ನಿಮ್ಮ ಬಾಯಿಗೆ ಸಕ್ಕರೆ ಹಾಕ್ಬೇಕು ಟೀಚರ್! ಬೋರ್ಡಲ್ಲಿ ಬರ್ಸಿದ್ದೆಲ್ಲ ನಿಜ ಆಯ್ತು. ಲೆಕ್ಕದಲ್ಲಿ ಕ್ಲಾಸಿಗೇ ಮುಂದು. ಮಾತಂತೂ ಅರಳು ಹುರಿದ ಹಾಗೆ! ಗೆಳತಿಯರ ದಂಡೇ ಇದೆ. ಇನ್ನು ಪಾಠ ಸಾಕಮ್ಮ ಅಂತಾಳೆ.”

“ಅವಳೇ ಅಂದ್ಲಾ?”

“ಹೂಂ, ಅವಳೇ. ಇಲ್ಲಿ ಬರೀ ಇಬ್ಬರೇ ಅಲ್ವಾ, ಬೇಜಾರಂತೆ. ಮಕ್ಕಳ ಮಾತು, ತಪ್ಪು ತಿಳ್ಕೋಬೇಡಿ.”

ಏನಂತ ತಡೆಯುವುದು? ಔಷಧ ಕೊಟ್ಟವಳೇ ಕಾಯಿಲೆ ವಾಸಿಯಾಯಿತೆಂದು ಅಳುವುದುಂಟೇ? “ತುಂಬಾ ಸಂತೋಷಮ್ಮ,” ಎಂದಳು ಟೀಚರ್. ಸಂತೋಷವಾಗಿದ್ದದ್ದು ಸುಳ್ಳಲ್ಲ. ಗೇಟಿನ ತನಕ ಕಳಿಸಿ ಬಂದಳು, ಬೋರ್ಡಿನತ್ತ ಮಾತ್ರ ನೋಡಲಿಲ್ಲ.

ಮುಂದಿನ ಬುಧವಾರ ಅವಳು ಬೆಂಚಿನ ಎಡತುದಿಯಲ್ಲೇ ಕೂತಳು. ನಡುವಿಗೆ ಸರಿಯಲು ಮನಸ್ಸು ಬರಲಿಲ್ಲ. ಬೀದಿಯಲ್ಲಿ ಮಕ್ಕಳ ಗಲಾಟೆ, ಅದರಲ್ಲಿ ಗೊಂಬೆಯ ಗಂಟಲೇ ಜೋರು. ಟೀಚರ್ ಎದ್ದುಹೋಗಿ ಕಿಟಕಿ ತೆರೆದಿಟ್ಟು ಬಂದು ತನ್ನ ಪಾಲು ನುಡಿಸತೊಡಗಿದಳು. ಗೊಂಬೆ ಸೇರಬೇಕಾದ ಜಾಗ ಬಂತು, ಹೋಯಿತು. ಮತ್ತೆ ಮೊದಲಿನಿಂದ ಸುತ್ತಿದಳು.

ಹೊರಗೆ ಗಲಾಟೆ ನಿಂತಿತು.

“ಅದ್ಯಾರೇ?” ಯಾವಳೋ ಹುಡುಗಿ ಕೇಳಿದಳು.

“ನಮ್ಮ ಟೀಚರ್ ಕಣೇ,” ಎಂದಳು ಗೊಂಬೆ. “ನಾನು ಬರೋ ತನಕ ಹಾಗೇ ನುಡಿಸ್ತಾ ಇರ್ತಾರೆ.”

ಆಮೇಲೆ ಅವರ ಆಟ ಮುಂದುವರಿಯಿತು. ಟೀಚರ್ ಇನ್ನೊಂದು ಸುತ್ತು ನುಡಿಸಿದಳು.