ಅಳತೆಯ ದಾರ

ಒಗೆಯಲು ತೆಗೆದ ಅವರ ಅಂಗಿಯ ಜೇಬಿನಲ್ಲಿ ಒಂದು ಬಿಳಿಯ ದಾರ ಸಿಕ್ಕಿತು. ನಡುವೆ ಒಂದು ಗಂಟು, ತುದಿಯಲ್ಲಿ ಇನ್ನೊಂದು.

"ಏನ್ರೀ ಇದು?"

"ಅಂಗಡಿಯವ್ರು ಪೊಟ್ಣ ಕಟ್ಟಿ ಕೊಟ್ಟಿದ್ದು," ಎಂದು ನನ್ನ ಕೈಯಿಂದ ಅದನ್ನು ತೆಗೆದುಕೊಂಡರು. ಮುಖ ನೋಡಲಿಲ್ಲ.

ನಾನು ಹೊಲಿಗೆ ಕಲಿತವಳು. ಗಂಟು ಹಾಕಿ ಅಳತೆ ಗುರುತಿಸಿದ ದಾರ ಯಾವುದೆಂದು ನನಗೆ ಗೊತ್ತಾಗದೆ ಇರುತ್ತದೆಯೆ?

ಆಗ ನಮ್ಮ ಮೋಟಾರ್ ಸೈಕಲ್ಲು ದಸ್ತಗೀರನ ಗ್ಯಾರೇಜಿನಲ್ಲಿತ್ತು. ಅದರ ಹಿಂದಿನ ಸೀಟಿನಲ್ಲಿ ಕಾಲು ಮಡಿಚಿ ಕೂತು, ಇಳಿಯುವಾಗ ಸೊಂಟ ಹಿಡಿದುಕೊಳ್ಳುತ್ತದೆ ಎಂದು ಎಷ್ಟೋ ವರ್ಷ ಹೇಳಿದ್ದೆ. "ಕಂಪನಿಯವ್ರು ಸುಮ್ನೆ ಮಾಡಿರ್ತಾರಾ? ಊರಿಗೆಲ್ಲ ಸರಿಯಾಗಿದೆ, ನಿನಗೊಬ್ಳಿಗೇ ಆಗಲ್ಲ," ಎನ್ನುತ್ತಿದ್ದವರು ಇದ್ದಕ್ಕಿದ್ದಂತೆ ರಾಗ ಬದಲಿಸಿದ್ದರು. "ಕಂಪನಿ ಗಾಡಿ ಇಂಥೋರಿಗೇ ಅಂತ ಮಾಡಿದ್ದಲ್ಲ ಕಣೇ. ಕೂರೋರ ಮೈ ನೋಡಿ ಸೀಟು ಕಟ್ಟಿಸ್ಬೇಕು."

ಯಾರ ಮೈ ನೋಡಿ? ನನ್ನನ್ನಂತೂ ಯಾರೂ ಅಳೆದಿರಲಿಲ್ಲ.

ಪಕ್ಕದ ಮನೆಯ ಗಿರಿಜಕ್ಕ ಸಾರಿಗೆ ಕರಿಬೇವು ಕೇಳಲು ಬಂದವರು ಬಾಗಿಲಲ್ಲೇ ನಿಂತರು. "ನಿಮ್ಮೆಜಮಾನ್ರು ಗ್ಯಾರೇಜಲ್ಲಿ ಯಾರನ್ನೋ ಸ್ಟೂಲ್ ಮೇಲೆ ಕೂರ್ಸಿ ದಾರ ಹಿಡಿಸ್ತಿದ್ರಮ್ಮ. ಬೆನ್ನು ಮಾತ್ರ ಕಾಣ್ತಿತ್ತು. ಮೊದ್ಲು ನೀವೇ ಅಂದ್ಕೊಂಡೆ."

"ಆಮೇಲೆ?"

"ನಗ್ತಿದ್ಲು. ಅದಕ್ಕೇ ನೀವಲ್ಲ ಅಂತ ಗೊತ್ತಾಯ್ತು."

ಅಂದಿನಿಂದ ಅವರ ಅಂಗಿಗಳನ್ನು ಒಗೆಯುವ ಮೊದಲು ಮೂಸಿ ನೋಡತೊಡಗಿದೆ. ಗ್ರೀಸಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಅದರಿಂದ ಸಮಾಧಾನವೂ ಆಗಲಿಲ್ಲ. ಕೂತಾಗ ನಗುವ ಆ ಬೆನ್ನು ನನ್ನ ಅಡುಗೆಮನೆಯಲ್ಲೇ ಸುಳಿದಾಡುತ್ತಿತ್ತು.

ಗಾಡಿ ಬಂತು. ಅಗಲವಾದ ಹೊಸ ಸೀಟು, ಕಾಲಿಡಲು ಹೊಸದಾಗಿ ಬೆಸೆದ ಪಟ್ಟಿ. "ಕೂತು ನೋಡು," ಎಂದರು. ಹುಡುಗನ ಹಾಗೆ ಮುಖ ಅರಳಿತ್ತು. ಕೂತೆ. ನನ್ನ ಮೊಣಕಾಲುಗಳು ಹಿಂದಿಗಿಂತಲೂ ಮೇಲೆದ್ದು ನಿಂತವು. ಇದಕ್ಕಿಂತ ಕಂಪನಿ ಸೀಟೇ ವಾಸಿಯಾಗಿತ್ತು.

"ಯಾರ ಅಳತೆ ಇದು?"

ಧ್ವನಿ ನನ್ನದೇ ಎಂದು ನನಗೇ ಅನ್ನಿಸಲಿಲ್ಲ. ಅವರು ತಬ್ಬಿಬ್ಬಾದರು.

"ಇಂದೂದು."

ಇಂದುಮತಿ ಅವರ ತಂಗಿ, ನನ್ನ ನಾದಿನಿ.

"ನಿನ್ನ ಅಳೆದ್ರೆ ಮೊದ್ಲೇ ತಿಳಿದುಬಿಡ್ತಿತ್ತಲ್ಲ. ನಿನ್ನ ಸೊಂಟನೋವಿಗೇ ಅಂತ ಕಟ್ಸಿದ್ದು. ನೀವಿಬ್ರೂ ಒಂದೇ ಎತ್ತರ ಅಲ್ವಾ?"

ಎದೆಯೊಳಗೆ ಬಿಗಿದದ್ದು ಸಡಿಲವಾಯಿತು. ಆದರೆ ಅದು ಇದ್ದ ಜಾಗ ಖಾಲಿಯಾಗಲಿಲ್ಲ. ಇಂದುಮತಿ ನಿಂತರೆ ನನ್ನ ಭುಜಕ್ಕೆ ಬರುತ್ತಾಳೆ. ಇಷ್ಟು ವರ್ಷ ನಾನು ಅವರ ಬೆನ್ನ ಹಿಂದೆ ಕೂತೇ ಬಂದಿದ್ದೆ.

"ದಾರ ಇದೆಯಾ?" ಎಂದೆ.

ಜೇಬಿನಿಂದ ತೆಗೆದರು. ನಾನು ಜಗಲಿಯ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟೆ. ಅವರು ಮಂಡಿಯೂರಿ, ಒಂದು ತುದಿಯನ್ನು ನನ್ನ ಸೊಂಟದ ಬಳಿ ಒತ್ತಿ ಹಿಡಿದು, ದಾರವನ್ನು ನಿಧಾನವಾಗಿ ಕೆಳಕ್ಕೆಳೆದರು. ಕೊನೆಯ ಗಂಟು ಅವರ ಬೆರಳಿಗೆ ಸಿಕ್ಕಿತು. ನನ್ನ ಹಿಮ್ಮಡಿ ಇನ್ನೂ ಕೆಳಗಿತ್ತು.